ನವೆಂಬರ್ ತಿಂಗಳ ಹೆಬ್ಬೆಟ್ಟು

ಕಂತು ೭

“ಸರ್, ಇದನ್ನ ನೋಡಿದ್ರಾ?” ಎಂದು ನಿಶಾ ಫೈಲಿನಿಂದ ಒಂದು ಹಾಳೆ ಎಳೆದು ಕೊಟ್ಟಾಗ ನಾನು ಫೋರ್ಟ್ ಕೊಚ್ಚಿಯ ಆ ಮನೆಯ ಜಗಲಿಯಲ್ಲಿ ಕೂತು ಕನ್ನಡಕ ಒರೆಸುತ್ತಿದ್ದೆ. ಕನ್ನಡಕ ಹಾಕಿಕೊಂಡೆ. ಹಾಕಿಕೊಳ್ಳದೆ ಇದ್ದಿದ್ದರೇ ಚೆನ್ನಾಗಿತ್ತು.

ಅದು ಜೀವಿತ ಪ್ರಮಾಣಪತ್ರದ ಜೆರಾಕ್ಸ್. ಪಿಂಚಣಿದಾರರು ಪ್ರತಿ ನವೆಂಬರಿನಲ್ಲಿ ಬ್ಯಾಂಕಿಗೆ ಬಂದು, ತಾವಿನ್ನೂ ಬದುಕಿದ್ದೇವೆ ಎಂದು ಮುಖ ತೋರಿಸಿ ಕೊಡಬೇಕಾದ ಕಾಗದ. ಹೆಸರು, ಕೆ. ಪಂಕಜಾ. ತಾರೀಖು, 2020ನೇ ಇಸವಿ ನವೆಂಬರ್ ಹತ್ತೊಂಬತ್ತು. ಇವರು ಈ ದಿನ ಖುದ್ದಾಗಿ ನನ್ನ ಮುಂದೆ ಹಾಜರಾಗಿದ್ದಾರೆ ಎಂಬ ಸಾಲಿನ ಕೆಳಗೆ ಶಾಖೆಯ ಮ್ಯಾನೇಜರನ ಸಹಿ.

ಸಹಿ ನನ್ನದು.

“ಉಯಿಲು ಬರೆದಿದ್ದೂ ಅದೇ ದಿನ ಅಂತೆ ಸರ್. ಆವತ್ತು ಅಮ್ಮ ಇಲ್ಲೇ ಇದ್ರು, ಓಡಾಡ್ಕೊಂಡಿದ್ರು ಅನ್ನೋದಕ್ಕೆ ಇದೇ ಪ್ರೂಫ್ ಅಂತ ಕಾರ್ತಿಕೇಯ ಹೇಳಿದ್ರು. ಬ್ಯಾಂಕ್ ಮ್ಯಾನೇಜರ್ರೇ ಕಣ್ಣಾರೆ ನೋಡಿ ಸೈನ್ ಮಾಡಿದಾರೆ ಅಂದ್ಮೇಲೆ ಸರಿಯಾಗೇ ಇರುತ್ತೆ, ಅಲ್ವಾ ಸರ್?”

“ಹೂಂ” ಎಂದೆ. ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡೆ.

ನಿಶಾ ಮೈಸೂರಿನ ಹುಡುಗಿ, ಇನ್ಫೋಪಾರ್ಕಿನಲ್ಲಿ ಕೆಲಸ. ಅವಳೂ ಗಂಡ ಯಶವಂತನೂ ಈ ಮನೆ ಕೊಳ್ಳಲು ಮನಸ್ಸು ಮಾಡಿದ್ದರು. ಬರುವ ಸೋಮವಾರ ನೋಂದಣಿ. ಮಾರುತ್ತಿರುವವನು ಪಂಕಜಕ್ಕನ ಮಗ ಕಾರ್ತಿಕೇಯ. ತಾಯಿ ತನ್ನ ಹೆಸರಿಗೆ ಉಯಿಲು ಬರೆದು ತೀರಿಕೊಂಡರು ಎನ್ನುತ್ತಾನೆ. ಕಾಗದಪತ್ರ ನೋಡಿ ಹೇಳಿ ಎಂದು ಕನ್ನಡ ಸಂಘದವರು ಈ ಹುಡುಗಿಯನ್ನು ನನ್ನ ಬಳಿ ಕಳಿಸಿದ್ದರು. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಬೇರೆಯವರ ಕಾಗದದಲ್ಲಿ ತಪ್ಪು ಹುಡುಕಿದ ದಿನಕರ ಮಾಷ್ಟ್ರು ಅಂತ ನನ್ನನ್ನು ಅವರು ತಮಾಷೆ ಮಾಡುವುದುಂಟು. ಇನ್ನು ಮಾಡಲಿಕ್ಕಿಲ್ಲ.

ಜೆರಾಕ್ಸಿನಲ್ಲಿ ನನ್ನ ಮುದ್ರೆ ಮಸಿ ಬಳಿದಂತಾಗಿತ್ತು. ನನ್ನ ಸಹಿಯೋ, ಕೋಳಿ ಕೆದರಿದಂತಿರುತ್ತದೆ. ನಿಶಾಳಿಗೆ ಓದಲಾಗಲಿಲ್ಲ. ಆ ಕ್ಷಣಕ್ಕೆ ನನಗೆ ಸಮಾಧಾನವಾಯಿತು, ಸಮಾಧಾನವಾದದ್ದಕ್ಕೆ ನಾಚಿಕೆಯೂ ಆಯಿತು.

ಆ ದಿನ ನನಗೆ ಚೆನ್ನಾಗಿ ನೆನಪಿದೆ. ಕೊರೋನ ಕಾಲ. ಕಾರ್ತಿಕೇಯ ಮಾಸ್ಕ್ ಹಾಕಿಕೊಂಡು ಕ್ಯಾಬಿನ್ನಿನ ಬಾಗಿಲಲ್ಲೇ ನಿಂತಿದ್ದ. “ಅಮ್ಮ ಆಟೋದಲ್ಲಿ ಕೂತಿದ್ದಾರೆ ಅಂಕಲ್, ಒಳಗೆ ಕರ್ಕೊಂಡು ಬರ್ಲಾ?” ಎಂದು ಕೇಳಿದ. ಕೇಳಿದ ಎಂಬುದನ್ನು ಮರೆಯಲಾರೆ. “ಬೇಡ ಮಾರಾಯ, ಈ ರೋಗದಲ್ಲಿ ಅವರನ್ನು ಯಾಕೆ ಮೆಟ್ಟಿಲು ಹತ್ತಿಸುದು, ನಮ್ಮವರಲ್ವಾ” ಎಂದವನು ನಾನೇ. ಕಿಟಕಿಯಿಂದ ಬಗ್ಗಿ ನೋಡಿದ್ದರೂ ಸಾಕಿತ್ತು. ನನ್ನ ಹೆಂಡತಿ ವಸಂತಿ ಆ ವಾರ ತಿರುವನಂತಪುರದಲ್ಲಿದ್ದಳು, ತಂಗಿಯ ಮಗಳ ಬಾಣಂತನಕ್ಕೆ. ನಾನು ಬೆಳಿಗ್ಗೆಯಿಂದ ಬಿಸ್ಕತ್ತಿನಲ್ಲೇ ಇದ್ದೆ. ಹಸಿವಿಗೆ ತಲೆ ಓಡುತ್ತಿರಲಿಲ್ಲ. ಜೀವಿತ ಪ್ರಮಾಣಪತ್ರದ ಮೂರು ಪ್ರತಿ ಎಂದು ಕಾರ್ತಿಕೇಯ ಕಾಗದಗಳಲ್ಲಿ ಪೆನ್ಸಿಲಿನಿಂದ ಇಂಟು ಗುರುತು ಹಾಕಿ ತಂದಿದ್ದ. ಗುರುತಿದ್ದಲ್ಲೆಲ್ಲ ಸಹಿ ಹಾಕಿದೆ.

ಇಡೀ ಜೀವಮಾನ ಗಿರಾಕಿಗಳಿಗೆ ಪೆನ್ಸಿಲಿನಲ್ಲಿ ಇಂಟು ಹಾಕಿ ಕೊಟ್ಟು, ಇಲ್ಲಿ, ಇಲ್ಲಿ, ಇಲ್ಲಿ ಎಂದು ಸಹಿ ಹಾಕಿಸಿಕೊಂಡವನು ನಾನು. ಓದದೆ ಸಹಿ ಹಾಕುವವರನ್ನು ಕಂಡು ಒಳಗೊಳಗೇ ನಗುತ್ತಿದ್ದೆ.

ಜೇಬಿನ ಹಾಳೆಯಲ್ಲಿ ಇನ್ನೂ ಒಂದು ಸಂಗತಿ ಇತ್ತು. ಪಿಂಚಣಿದಾರರ ಸಹಿ ಇರಬೇಕಾದ ಜಾಗದಲ್ಲಿ ಹೆಬ್ಬೆಟ್ಟಿನ ಗುರುತು.

ಪಂಕಜಕ್ಕ ಹೆಬ್ಬೆಟ್ಟು! ಇದೇ ಜಗಲಿಯಲ್ಲಿ ಇಪ್ಪತ್ತೆರಡು ವರ್ಷ, ಪ್ರತಿ ಭಾನುವಾರ, ಎರ್ನಾಕುಲಂ ಸುತ್ತಮುತ್ತಲಿನ ನಮ್ಮ ಕನ್ನಡದ ಮಕ್ಕಳಿಗೆ ಅಕ್ಷರ ತಿದ್ದಿಸಿದ ಹೆಂಗಸು. ಅವರ ಸಹಿ ಎಂದರೆ ಸಾಲಾಗಿ ಪೋಣಿಸಿದ ಮಲ್ಲಿಗೆ. ನವೆಂಬರ್ ಮೊದಲ ವಾರ ರೇಷ್ಮೆ ಸೀರೆ ಉಟ್ಟು, ಎಳ್ಳುಂಡೆ ಡಬ್ಬಿ ಹಿಡಿದು ಬ್ಯಾಂಕಿಗೆ ಬರುತ್ತಿದ್ದರು. “ನೋಡು ದಿನಕರ, ಈ ವರ್ಷವೂ ಉಂಟು ನಾನು. ಬರ್ಕೊ” ಎನ್ನುತ್ತಿದ್ದರು. ಇಡೀ ಶಾಖೆ ಎದ್ದು ನಿಂತು ಎಳ್ಳುಂಡೆ ತಿನ್ನುತ್ತಿತ್ತು.

ಹೆಬ್ಬೆಟ್ಟು ಒತ್ತುವವರಿದ್ದರೆ ಮ್ಯಾನೇಜರನ ಎದುರೇ ಒತ್ತಿಸಬೇಕು. ಹೊಸದಾಗಿ ಸೇರಿದ ಗುಮಾಸ್ತರಿಗೆ ನಾನು ಮೊದಲ ದಿನ ಹೇಳಿಕೊಡುತ್ತಿದ್ದ ಪಾಠ ಅದು.

*

ಎದುರಿನ ಚಹಾದಂಗಡಿಯ ಅಶ್ರಫ್ ನಮಗೆ ಹಾಲಿಲ್ಲದ ಸುಲೈಮಾನಿ ಚಹಾ ಕೊಟ್ಟು ಬೋರ್ಡಿನ ಕಡೆ ಕೈ ತೋರಿಸಿದ. ಗೇಟಿಗೆ ಕಟ್ಟಿದ್ದ, ಮನೆ ಮಾರಾಟಕ್ಕಿದೆ ಎಂಬ ಆ ಬೋರ್ಡ್ ಸಮುದ್ರದ ಗಾಳಿಗೆ ಒಂದು ಕಡೆ ಕಿತ್ತುಬಂದಿತ್ತು.

“ಟೀಚರ್ ಇದ್ದಿದ್ದರೆ ಈ ಬೋರ್ಡ್ ಒಂದು ಗಂಟೆ ನಿಲ್ಲುತ್ತಿರಲಿಲ್ಲ ಸಾರೇ” ಎಂದ ಮಲಯಾಳದಲ್ಲಿ. “ಮನೆ ಮಾರುವ ಮಾತೆತ್ತಿದರೆ ಮಗನಿಗೆ ಊಟ ಬಡಿಸುತ್ತಿರಲಿಲ್ಲ ಅವರು.”

“ಟೀಚರನ್ನು ಕೊನೆಯ ಸಲ ನೋಡಿದ್ದು ಯಾವಾಗ?”

“ಅತ್ತಂ ದಿನ. ಕೊರೋನ ವರ್ಷದ ಅತ್ತಂ, ಆಗಸ್ಟಿನಲ್ಲಿ.”

“ಅಷ್ಟು ಖಚಿತವಾಗಿ ಹೇಗೆ ಹೇಳ್ತೀಯಾ?”

“ಹೇಗೆ ಮರೆಯಲಿ? ಅತ್ತಂನಿಂದ ಓಣಂವರೆಗೆ ಹತ್ತು ದಿನ ಟೀಚರ್ ಅಂಗಳದಲ್ಲಿ ಪೂಕ್ಕಳಂ ಹಾಕುತ್ತಿದ್ದರು. ಕರ್ನಾಟಕದವರಾದರೂ ಈ ಬೀದಿಯಲ್ಲಿ ಅವರದೇ ಹೂವಿನ ರಂಗೋಲಿ ಎಲ್ಲರಿಗಿಂತ ದೊಡ್ಡದು. ಆ ದಿನ ಅರ್ಧ ಹಾಕಿದ್ದರು. ಬಿಳಿ ವ್ಯಾನ್ ಬಂತು. ಮಾಸ್ಕಿನವರು ಇಬ್ಬರು ಅವರನ್ನು ಹಿಡಿದು ಹತ್ತಿಸಿದರು. ರೋಗ ಅಂದುಕೊಂಡು ನಾವೆಲ್ಲ ಬಾಗಿಲು ಹಾಕಿಕೊಂಡೆವು.” ಅಶ್ರಫ್ ಲೋಟ ತೊಳೆಯುವುದನ್ನು ನಿಲ್ಲಿಸಿದ. “ನಾನೂ ಹಾಕಿಕೊಂಡೆ ಸಾರೇ. ಅವರು ಈ ಕಡೆ ನೋಡುತ್ತಿದ್ದರು. ಹೂವಿನ ಬುಟ್ಟಿ ಸಂಜೆವರೆಗೂ ಅಲ್ಲೇ ಇತ್ತು.”

“ಆಮೇಲೆ ವಾಪಸ್ ಬಂದ್ರಾ?”

“ಇಲ್ಲ. ವ್ಯಾನಿನ ನಂಬರ್ ಕೆಎಲ್ ಸೊನ್ನೆ ಒಂದು, ತಿರುವನಂತಪುರದ್ದು. ಬಾಗಿಲ ಮೇಲೆ ಸಾಂತ್ವನತೀರಂ ಅಂತ ಬರೆದಿತ್ತು.”

ನಿಶಾಳಿಗೆ ಮಲಯಾಳ ಅರ್ಧಂಬರ್ಧ. ಆದರೂ ಸಾಂತ್ವನತೀರಂ ಎಂಬ ಹೆಸರು ಕಿವಿಗೆ ಬಿದ್ದದ್ದೇ ಫೈಲ್ ತೆರೆದಳು. ಪಂಕಜಕ್ಕನ ಮರಣ ಪ್ರಮಾಣಪತ್ರದಲ್ಲಿ ಸತ್ತ ಸ್ಥಳ ಅದೇ ಸಾಂತ್ವನತೀರಂ, ವೃದ್ಧರ ಆಶ್ರಯಧಾಮ, ಶಂಖುಮುಖದ ರಸ್ತೆ, ತಿರುವನಂತಪುರ. 2021ರ ಫೆಬ್ರವರಿ ಎಂಟು.

“ಸರ್, ಒಂದ್ನಿಮಿಷ. ಆಗಸ್ಟಲ್ಲಿ ಇಲ್ಲಿಂದ ಹೋದವರು ವಾಪಸ್ ಬರ್ಲೇ ಇಲ್ಲ. ಹಾಗಾದ್ರೆ ನವೆಂಬರಲ್ಲಿ ಆ ಮ್ಯಾನೇಜರ್ ಮುಂದೆ ಹೇಗೆ ಹಾಜರಾದ್ರು?”

ನಾನು ಸುಲೈಮಾನಿ ಕುಡಿದೆ. ನಾಲಿಗೆ ಸುಟ್ಟಿತು.

“ಆ ಮನುಷ್ಯನೂ ಇದರಲ್ಲಿ ಸೇರ್ಕೊಂಡಿದಾನೆ ಸರ್. ಎಂಥ ಜನ ಇರ್ತಾರೆ ನೋಡಿ! ಯಾರು ಅಂತ ಹುಡುಕೋಣ.”

“ಹುಡುಕುವ” ಎಂದೆ.

*

ಕಾರ್ತಿಕೇಯನ ಆಫೀಸು ಪಾಲಾರಿವಟ್ಟಂ ಜಂಕ್ಷನ್ನಿನಲ್ಲಿ, ಬಟ್ಟೆ ಅಂಗಡಿಯೊಂದರ ಮೂರನೆಯ ಮಹಡಿಯಲ್ಲಿ. ಅಲ್ಲಿಗೆ ಒಬ್ಬನೇ ಹೋದೆ. ನಿಶಾ ಬರುತ್ತೇನೆ ಎಂದಾಗ ಏನೋ ಒಂದು ನೆಪ ಹೇಳಿ ತಪ್ಪಿಸಿದೆ.

ಹುಡುಗ ಚಿಕ್ಕವನಿದ್ದಾಗ ಅವರಮ್ಮನ ಜಗಲಿಯಲ್ಲಿ ನನ್ನ ತೊಡೆಯ ಮೇಲೆ ಕೂತು ಚಕ್ಕುಲಿ ತಿಂದವನು. ಈಗ ನಲವತ್ತಾಗಿದೆ. ನನ್ನನ್ನು ಕಂಡು ಎದ್ದು ನಿಂತ, ಕುರ್ಚಿ ಎಳೆದುಕೊಟ್ಟ, ಫ್ಯಾನ್ ಜೋರು ಮಾಡಿದ. ಮರ್ಯಾದೆಗೆ ಏನೂ ಕೊರತೆಯಿಲ್ಲ.

“ಅತ್ತಂ ದಿನವೇ ನಿನ್ನ ಅಮ್ಮನನ್ನು ತಿರುವನಂತಪುರಕ್ಕೆ ಸಾಗಿಸಿದ್ದಿ” ಎಂದೆ ಕೂರುವ ಮೊದಲೇ. “ನವೆಂಬರಿನಲ್ಲಿ ಆಟೋದಲ್ಲಿ ಯಾರಿದ್ದದ್ದು?”

“ಯಾರೂ ಇರ್ಲಿಲ್ಲ ಅಂಕಲ್.”

ಇಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾನೆಂದು ನಾನು ಎಣಿಸಿರಲಿಲ್ಲ.

“ಆಟೋನೂ ಇರ್ಲಿಲ್ಲ. ನೀವು ಕಿಟಕಿ ಹತ್ರ ಬಂದು ನೋಡಿದ್ರೆ ಎಂತ ಹೇಳೋದು ಅಂತ ಯೋಚಿಸ್ತಾ ನಿಂತಿದ್ದೆ. ನೀವು ನೋಡ್ಲೇ ಇಲ್ಲ.”

“ನಾಚಿಕೆ ಆಗುದಿಲ್ವಾ ನಿನಗೆ?”

“ಆಗ್ತದೆ. ನಿಮಗೆ?”

ಅವನು ಮೇಜಿನ ಖಾನೆ ಎಳೆದು ಪ್ಲಾಸ್ಟಿಕ್ ಕವರಿನಲ್ಲಿದ್ದ ಒಂದು ಕಾಗದ ತೆಗೆದ. “ಉಯಿಲು ನೋಡ್ಬೇಕು ಅಂತ ಆ ಹುಡುಗಿ ಹತ್ರ ಹೇಳಿ ಕಳಿಸಿದ್ರಲ್ಲ. ನೋಡಿ. ಕೈಗೆ ಕೊಡೋದಿಲ್ಲ, ಅಲ್ಲಿಂದಲೇ ನೋಡಿ.”

ಕೊನೆಯ ಪುಟ. ಮೇಲೆ ಅದೇ ಹೆಬ್ಬೆಟ್ಟು. ಅದರ ಕೆಳಗೆ ಸಾಕ್ಷಿಗಳು ಎಂದು ಬರೆದಿತ್ತು. ಮೊದಲನೆಯ ಸಾಕ್ಷಿಯ ಜಾಗದಲ್ಲಿ ಕೋಳಿ ಕೆದರಿದಂಥ ಒಂದು ಸಹಿ. ಪಕ್ಕದಲ್ಲಿ ಪೆನ್ಸಿಲಿನ ಇಂಟು ಗುರುತು ಅಳಿಸಿದ್ದರೂ ಅಚ್ಚು ಉಳಿದಿತ್ತು.

ಮೂರು ಪ್ರತಿ ಜೀವಿತ ಪ್ರಮಾಣಪತ್ರ ಎಂದು ನಾನು ಅಂದುಕೊಂಡದ್ದರಲ್ಲಿ ಒಂದು ಪಂಕಜಕ್ಕನ ಉಯಿಲಾಗಿತ್ತು. ಅವರ ಮನೆಯನ್ನು ಅವರ ಕೈಯಿಂದ ಕಿತ್ತುಕೊಳ್ಳಲು ನಾನೇ ಸಾಕ್ಷಿ ನಿಂತಿದ್ದೆ.

“ಎರಡನೇ ಸಾಕ್ಷಿ ಯಾರು?” ಎಂದೆ. ಕಾಗದ ಹಿಡಿದಿದ್ದ ಅವನ ಬೆರಳುಗಳು ಸರಿಯಾಗಿ ಆ ಸಹಿಯ ಮೇಲೇ ಇದ್ದವು.

ಕಾರ್ತಿಕೇಯ ಕಾಗದವನ್ನು ಖಾನೆಗೆ ಹಾಕಿ ಬೀಗ ತಿರುಗಿಸಿದ. “ಅದು ನಿಮಗೆ ಬೇಡ ಅಂಕಲ್. ಅಮ್ಮ ಹೋಗಿ ಐದು ವರ್ಷ ಆಗ್ತಾ ಬಂತು. ನೀವೇ ಸಂಘದ ಗ್ರೂಪಲ್ಲಿ ಓಂ ಶಾಂತಿ ಅಂತ ಹಾಕಿದ್ರಿ, ಮೂರು ಕೈಮುಗಿಯೋ ಚಿತ್ರ ಸಮೇತ. ಸೋಮವಾರ ನೋಂದಣಿ ಆಗ್ಲಿ. ಇಲ್ಲಾಂದ್ರೆ ಪೊಲೀಸ್ ಮೊದಲು ಯಾರ ಮನೆಗೆ ಬರ್ತಾರೆ ಹೇಳಿ? ಸುಳ್ಳು ಸರ್ಟಿಫಿಕೇಟ್ ಕೊಟ್ಟ ಮ್ಯಾನೇಜರ್ ಮನೆಗೆ. ಅಲ್ವಾ? ಹೋಗಿ, ಆರಾಮಾಗಿರಿ. ಆಂಟಿಗೆ ನನ್ನ ನಮಸ್ಕಾರ ಹೇಳಿ.”

ಮೂರು ಮಹಡಿ ಇಳಿಯುವಾಗ ಎರಡು ಸಲ ಕೂತೆ. ಪೊಲೀಸಿನ ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾದೀತು. ಆದರೆ ಅದಕ್ಕಿಂತ ಹೆಚ್ಚು ಕಾಡಿದ್ದು, ಎಂಥ ಜನ ಇರ್ತಾರೆ ಎಂಬ ನಿಶಾಳ ಮಾತು. ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತದೆ, ಪಂಕಜಕ್ಕನ ಮನೆ ಹೋಗುತ್ತದೆ, ಏನೂ ಅರಿಯದ ಈ ಹುಡುಗಿ ಕಳ್ಳತನದ ಮನೆಯಲ್ಲಿ ಸಂಸಾರ ಹೂಡುತ್ತಾಳೆ. ಬಾಯಿ ಬಿಟ್ಟರೆ ನಾಳೆಯಿಂದ ಸಂಘದಲ್ಲಿ ಯಾರೂ ನನ್ನ ಮುಖ ನೋಡುವುದಿಲ್ಲ. ಈ ಊರಿನಲ್ಲಿ ನನಗಿರುವುದು ಅವರಷ್ಟೇ ಜನ.

*

ಶನಿವಾರ ಬೆಳಿಗ್ಗೆ ತ್ರಿಪ್ಪುಣಿತ್ತುರದಲ್ಲಿ ಹಳೆಯ ಸಹೋದ್ಯೋಗಿ ಶಂಕರನಾರಾಯಣನನ್ನು ನೋಡಿ ಬರುತ್ತೇನೆ ಎಂದು ವಸಂತಿಗೆ ಸುಳ್ಳು ಹೇಳಿ ತಿರುವನಂತಪುರಕ್ಕೆ ಹೊರಟೆ. ನಲವತ್ತು ವರ್ಷದ ಸಂಸಾರದಲ್ಲಿ ಅವಳಿಗೆ ಇಷ್ಟು ದೊಡ್ಡ ಸುಳ್ಳು ಹೇಳಿದ್ದು ಅದೇ ಮೊದಲು.

“ಪಂಕಜಕ್ಕನ ಮನೆಯ ಉಸಾಬರಿ ಇನ್ನು ಸಾಕು” ಎಂದಳು ಅವಳು ಚಪಾತಿ ಕಟ್ಟುತ್ತ. “ಸತ್ತವರನ್ನು ಅವರಷ್ಟಕ್ಕೆ ಬಿಡಿ. ನಿಮ್ಮ ಬಿಪಿ ಎಷ್ಟುಂಟು ಗೊತ್ತುಂಟಲ್ಲ?” ಪಾಪ, ನನ್ನ ಆರೋಗ್ಯದ ಚಿಂತೆ ಅವಳಿಗೆ ಎಂದುಕೊಂಡೆ.

ರೈಲಿನಲ್ಲಿ ನಿಶಾ ಎದುರಿನ ಸೀಟಿನಲ್ಲಿ ಕೂತು ಪೆನ್ನು ಹಿಡಿದು ತಾರೀಖುಗಳ ಪಟ್ಟಿ ಮಾಡುತ್ತಿದ್ದಳು. “ಆ ಮ್ಯಾನೇಜರ್ ಹೆಸರು ಸಿಕ್ತಾ ಸರ್?”

ಆಲಪ್ಪುಳ ದಾಟಿತ್ತು. ಮುಂದೆ ಕಾಯಂಕುಳಂ ಬಂತು. ಕೊಲ್ಲಂ ಬರುವವರೆಗೆ ಕಾಯಬೇಕೆಂದಿದ್ದೆ, ಆಗಲಿಲ್ಲ. ಜೇಬಿನಿಂದ ಹಾಳೆ ತೆಗೆದು ಅವಳ ಮುಂದಿಟ್ಟೆ. ಅವಳ ಕೈಯಿಂದ ಪೆನ್ನು ತೆಗೆದುಕೊಂಡು ಅದರ ಪಕ್ಕದಲ್ಲೇ ನನ್ನ ಸಹಿ ಹಾಕಿ ತೋರಿಸಿದೆ.

ಅವಳು ಎರಡನ್ನೂ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಆ ನೋಟವನ್ನು ತಡೆದುಕೊಳ್ಳುವ ಶಕ್ತಿ ನನಗಿರಲಿಲ್ಲ. ಕಿಟಕಿ ಕಡೆ ತಿರುಗಿದೆ.

“ಉಯಿಲಿನಲ್ಲೂ ನನ್ನದೇ ಸಹಿ ಉಂಟು” ಎಂದೆ. “ಓದದೆ ಹಾಕಿದ್ದು. ಯಾರಿಂದ ಏನೂ ತಕೊಳ್ಳಲಿಲ್ಲ ಮಗಾ. ಆದರೆ ಅದನ್ನು ಹೇಳಿಕೊಳ್ಳಲಿಕ್ಕೂ ನಾಚಿಕೆ ಆಗ್ತದೆ.”

ಚಹಾ ಮಾರುವವನು ಬಂದು ಹೋದ.

“ಮೊನ್ನೆ ಜಗಲಿಯಲ್ಲೇ ಹೇಳ್ಬಹುದಿತ್ತು” ಎಂದಳು ಕೊನೆಗೆ. ಸರ್ ಎನ್ನಲಿಲ್ಲ. “ನಾನು ಅಷ್ಟೆಲ್ಲ ಬೈದೆ, ನೀವು ಕೂತ್ಕೊಂಡು ಕೇಳಿಸ್ಕೊಂಡ್ರಿ.”

“ಹೌದು.”

“ಸೋಮವಾರ ಏನ್ ಮಾಡ್ತೀರಾ?”

“ಬರೆದು ಕೊಡ್ತೇನೆ. ಪೊಲೀಸಿಗೆ, ಬ್ಯಾಂಕಿಗೆ. ಮೊದಲು ಆ ಆಶ್ರಯಧಾಮದ ರಿಜಿಸ್ಟರ್ ನೋಡುವ. ಅವರು ಬಂದ ತಾರೀಖು, ಸತ್ತ ತಾರೀಖು, ಎರಡೂ ಬೇಕು.”

ಅವಳು ತಲೆಯಾಡಿಸಿ ಪಟ್ಟಿಯನ್ನು ಮಡಚಿದಳು. ತಿರುವನಂತಪುರದ ತಂಪಾನೂರು ನಿಲ್ದಾಣದಲ್ಲಿ ಇಳಿದು ಆಟೋ ಹಿಡಿದೆವು.

*

ಸಾಂತ್ವನತೀರಂನ ಆಫೀಸಿನಲ್ಲಿ ನರ್ಸ್ ಗ್ರೇಸಿ ಹಳೆಯ ರಿಜಿಸ್ಟರನ್ನು ಕೂಡಲೇ ತೆಗೆದಳು. ಐವತ್ತರ ಹೆಂಗಸು, ಚುರುಕು ಕಣ್ಣು. ಕೆ. ಪಂಕಜಾ, ಕೊಚ್ಚಿ, ಸೇರಿದ್ದು 2020ರ ಆಗಸ್ಟ್ ಇಪ್ಪತ್ತೆರಡು. ಅಶ್ರಫ್ ಹೇಳಿದ ಅತ್ತಂ ದಿನವೇ.

“ಫೆಬ್ರವರಿ ಎಂಟಕ್ಕೆ ಇಲ್ಲಿ ತೀರಿಹೋದರಲ್ಲ, ಅದರ ದಾಖಲೆ ಬೇಕಿತ್ತು ಸಿಸ್ಟರ್” ಎಂದೆ.

ಗ್ರೇಸಿ ಪುಟ ತಿರುಗಿಸಿದಳು. “ಆ ದಿನ ಸತ್ತದ್ದು ಸರಸಮ್ಮ. ಟೀಚರ್‌ದೇ ಕೋಣೆಯಲ್ಲಿದ್ದವರು. ಅವರಿಗೆ ಯಾರೂ ಇರಲಿಲ್ಲ. ಕೊರೋನ ಸಮಯ, ಶವ ತೆಗೆದುಕೊಳ್ಳುವವರಿಲ್ಲ. ಟೀಚರ್ ಮಗನೇ ಮುಂದೆ ಬಂದು, ನನ್ನ ತಾಯಿ ಇದ್ದ ಹಾಗೆ, ನಾನೇ ಸಂಸ್ಕಾರ ಮಾಡುತ್ತೇನೆ ಎಂದರು. ಕಾಗದಪತ್ರಕ್ಕೆಲ್ಲ ಅವರೇ ಓಡಾಡಿದರು. ಎಂಥ ಒಳ್ಳೆಯ ಮನುಷ್ಯ ಎಂದು ನಾವೆಲ್ಲ ಕಣ್ಣೊರೆಸಿಕೊಂಡೆವು.”

ನಿಶಾ ನನ್ನ ತೋಳು ಹಿಡಿದಳು. ಆ ಕಾಗದಪತ್ರದಲ್ಲಿ ಅವನು ಸರಸಮ್ಮನ ಹೆಸರಿನ ಬದಲು ತಾಯಿಯ ಹೆಸರು ಬರೆಸಿದ್ದ.

“ಹಾಗಾದರೆ ಪಂಕಜಾ ಟೀಚರ್?”

“ಹೊರಗೆ ವರಾಂಡದಲ್ಲಿ ಕೂತಿದ್ದಾರೆ” ಎಂದಳು ಗ್ರೇಸಿ, ಇದರಲ್ಲಿ ಕೇಳುವುದೇನಿದೆ ಎಂಬಂತೆ. “ಮನೆ ರಿಪೇರಿ ಮುಗಿದ ಮೇಲೆ ಕರೆದುಕೊಂಡು ಹೋಗುತ್ತೇನೆ ಎಂದು ಮಗ ಹೇಳಿದ್ದಾರೆ. ಕೆಲವು ದಿನ ನೆನಪು ಸರಿ ಇರುತ್ತದೆ, ಕೆಲವು ದಿನ ಇಲ್ಲ. ಆದರೆ ನವೆಂಬರ್ ಮಾತ್ರ ಮರೆಯುವುದಿಲ್ಲ. ಬೆಳಿಗ್ಗೆ ಎದ್ದವರೇ ಒಳ್ಳೆಯ ಸೀರೆ ಉಟ್ಟು ಗೇಟಿನ ಕಡೆ ಮುಖ ಮಾಡಿ ಕೂತುಬಿಡುತ್ತಾರೆ. ಬ್ಯಾಂಕ್ ಮ್ಯಾನೇಜರ್ ಬರುತ್ತಾರಂತೆ. ಇವರು ಬದುಕಿದ್ದಾರೆ ಎಂದು ನೋಡಿ ಬರೆದುಕೊಳ್ಳುತ್ತಾರಂತೆ.”

ಐದು ವರ್ಷ, ಐದು ನವೆಂಬರ್. ಓಂ ಶಾಂತಿ ಎಂದು ಮೂರು ಕೈಮುಗಿಯುವ ಚಿತ್ರ ಹಾಕಿ ನಾನು ಮನೆಯಲ್ಲಿ ಮೀನು ಸಾರು ಉಂಡು ಮಲಗಿದ್ದೆ.

ವರಾಂಡದ ಕೊನೆಯಲ್ಲಿ ಬೆತ್ತದ ಕುರ್ಚಿ. ಪಂಕಜಕ್ಕ ಅರ್ಧಕ್ಕರ್ಧ ಆಗಿದ್ದರು. ರೇಷ್ಮೆ ಸೀರೆಯೇ, ಅಂಚು ಹರಿದಿತ್ತು. ಮಡಿಲಲ್ಲಿ ಒಂದು ಖಾಲಿ ಸ್ಟೀಲ್ ಡಬ್ಬಿ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕಾಲು ಮುಟ್ಟಲು ಬಗ್ಗಿದವನಿಗೆ ಏಳಲು ಆಗಲಿಲ್ಲ.

“ದಿನಕರನಾ?” ಎಂದರು. “ಎಷ್ಟು ತಡ ಮಾಡಿದೆ ಮಾರಾಯ.”

“ತಪ್ಪಾಯ್ತು ಪಂಕಜಕ್ಕ.”

“ಎಳ್ಳುಂಡೆ ಇಲ್ಲ ಈ ಸಲ. ಇಲ್ಲಿ ಅಡಿಗೆ ಕೋಣೆಗೆ ಬಿಡುದಿಲ್ಲ.” ಡಬ್ಬಿಯ ಮುಚ್ಚಳ ತೆಗೆದು ತೋರಿಸಿದರು. “ನೋಡು, ಈ ವರ್ಷವೂ ಉಂಟು ನಾನು. ಬರ್ಕೊ.”

ನಾನು ಅತ್ತೆ. ಅರವತ್ತನಾಲ್ಕು ವರ್ಷದ ಮುದುಕ, ಮೈಸೂರಿನ ಹುಡುಗಿಯೊಬ್ಬಳ ಎದುರು ಗೋಳೋ ಎಂದು ಅತ್ತೆ. ಪಂಕಜಕ್ಕ ನನ್ನ ತಲೆ ಮುಟ್ಟಿ, ಅಕ್ಷರ ತಪ್ಪಿದ ಮಗುವಿಗೆ ಹೇಳುವಂತೆ ಹೇಳಿದರು, “ಆಯ್ತು, ಆಯ್ತು. ಕಾಗದ ಕೊಡು. ಈ ಸಲ ಸಹಿಯೇ ಮಾಡ್ತೇನೆ. ಆ ವರ್ಷದ ಹಾಗೆ ಹೆಬ್ಬೆಟ್ಟು ಒತ್ತಲಿಕ್ಕೆ ಹೇಳ್ಬೇಡ. ನನಗೆ ಎಷ್ಟು ನಾಚಿಕೆ ಆಯ್ತು ಗೊತ್ತುಂಟಾ?”

“ಯಾರು ಒತ್ತಿಸಿದ್ದು ಪಂಕಜಕ್ಕ? ಕಾರ್ತಿಕೇಯನಾ?”

“ಅವನೆಲ್ಲಿ? ಅವನಿಗೆ ನನ್ನ ಮುಖ ನೋಡುವ ಧೈರ್ಯ ಇರ್ಲಿಲ್ಲ.” ಅವರು ಎಡಗೈ ಹೆಬ್ಬೆರಳನ್ನು ಸೆರಗಿಗೆ ಉಜ್ಜಿದರು, ಮಸಿ ಇನ್ನೂ ಹೋಗಿಲ್ಲವೇನೋ ಎಂಬಂತೆ. “ನೀನೇ ಕಳಿಸಿದ್ದಲ್ವಾ ಅವಳನ್ನು? ದಿನಕರ ಹೇಳಿದ್ದಾರೆ, ಹೆಬ್ಬೆಟ್ಟು ಸಾಕಂತೆ ಪಂಕಜಕ್ಕ ಅಂತ ಹೇಳಿ, ಕೈ ಹಿಡಿದು ಒತ್ತಿಸಿ, ತಾನೂ ಕೆಳಗೆ ಸಹಿ ಹಾಕಿ ಹೋದಳು.”

“ಯಾರು?”

“ನಿನ್ನ ವಸಂತಿ.”

ನಿಶಾ ನನ್ನ ತೋಳಿನಿಂದ ಕೈ ತೆಗೆದಳು. ಅದೇ ಹೊತ್ತಿಗೆ ನನ್ನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಪರದೆಯ ಮೇಲೆ ವಸಂತಿಯ ಹೆಸರು.

ಎತ್ತಿದೆ. ನಾನು ಹಲೋ ಎನ್ನುವ ಮೊದಲೇ ಅವಳು ಕೇಳಿದಳು.

“ಪಂಕಜಕ್ಕ ನಿಮಗೆ ಎಲ್ಲ ಹೇಳಿಬಿಟ್ಟರಾ?”